ಕುಂದಗೋಳದ ದಾರಿಯಲ್ಲಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಡೆದು ಹೊರಟವರಿಗೆ ಮೊದಲು ಕಣ್ಣಿಗೆ ಬೀಳುವುದು ಕೋಚಿಂಗ್ ಕ್ಲಾಸುಗಳ ಫಲಕಗಳು. ಮಗ ಇಂಜಿನಿಯರನಾಗಬೇಕು, ಮಗಳು ಡಾಕ್ಟರಳಾಗಬೇಕು ಎಂಬ ಎಷ್ಟೋ ಮನೆಗಳ ಹಂಬಲ ಅಲ್ಲಿ ಬಣ್ಣದ ಅಕ್ಷರಗಳಲ್ಲಿ ಮೂಡಿದೆ. ಆ ಹಂಬಲ ತಪ್ಪೆಂದು ಯಾರೂ ಹೇಳಲಾರರು. ಆದರೆ ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ಸಾಗಿದರೆ ಸಿಗುವ ಕುಂದಗೋಳವು, ಈ ವಿಷಯದಲ್ಲಿ ತಂದೆತಾಯಂದಿರಿಗೆ ಹೇಳುವ ಮಾತು ಬೇರೆಯೇ ಇದೆ.

ಎರೆಮಣ್ಣಿನ ಬಯಲು, ಹತ್ತಿ ಮತ್ತು ಮೆಣಸಿನಕಾಯಿಯ ಹೊಲಗಳು, ಊರಿನಲ್ಲಿ ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯ. ಒಂದು ಕಾಲಕ್ಕೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರು ಸಂಗೀತಲೋಕದಲ್ಲಿ ಹೆಸರಾದದ್ದು ರಾಮಚಂದ್ರ ಗಣೇಶ ಸೌಂಶಿ ಅವರಿಂದ. 1886ರಲ್ಲಿ ಹುಟ್ಟಿದ ಅವರನ್ನು ನಾಡು ಸವಾಯಿ ಗಂಧರ್ವರೆಂದು ಕರೆಯಿತು. ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ ಪಡೆದ ಕಿರಾಣಾ ಘರಾಣೆಯ ವಿದ್ಯೆಯನ್ನು ಅವರು ಇಲ್ಲಿ ಶಿಷ್ಯರಿಗೆ ಧಾರೆಯೆರೆದರು. ಅವರ ಪುಣ್ಯಸ್ಮರಣೆಯ ಸಂಗೀತೋತ್ಸವ ನಡೆಯುತ್ತ ಬಂದಿರುವ ನಾಡಗೀರರ ವಾಡೆಯ ಮುಂದೆ ನಿಂತಾಗ, ಈ ಊರಿಗೆ ವಿದ್ಯೆ ಅರಸಿ ಬಂದ ಇಬ್ಬರ ನೆನಪು ತಾನಾಗಿಯೇ ಮೂಡುತ್ತದೆ.

ಮೊದಲನೆಯವರು ಪಂಡಿತ ಭೀಮಸೇನ ಜೋಶಿ. 1922ರಲ್ಲಿ ರೋಣದಲ್ಲಿ ಹುಟ್ಟಿದ ಅವರ ಬಾಲ್ಯ ಕಳೆದದ್ದು ಗದಗಿನಲ್ಲಿ. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಬಾಲಕನೋ, ಭಜನೆಯ ಮೇಳ ಹೊರಟಿತೆಂದರೆ ಅದರ ಬೆನ್ನು ಹತ್ತಿ ಹೋಗಿ, ದಣಿದಲ್ಲೇ ಮಲಗಿಬಿಡುವವನು. ಹುಡುಕಿ ಸೋತ ತಂದೆ ಕೊನೆಗೆ ಅವನ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗನೆಂದು ಬರೆದರಂತೆ. ಕಂಡವರು ಮನೆಗೆ ತಲುಪಿಸುತ್ತಿದ್ದರು. ಆದರೆ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಮರುಳಾಗಿದ್ದ ಹುಡುಗ ಗುರುವನ್ನು ಅರಸಿ ಮನೆ ಬಿಟ್ಟೇ ಬಿಟ್ಟ. ಪುಣೆ, ಗ್ವಾಲಿಯರ್ ಎಂದು ಅಲೆಯುತ್ತ ದೂರದ ಜಲಂಧರವನ್ನು ಸೇರಿದ. ಗುರು ನಿನ್ನ ಊರಿನ ಸಮೀಪದಲ್ಲೇ ಇರುವಾಗ ಇಷ್ಟು ದೂರವೇಕೆ ಬಂದೆ ಎಂದು ವಿನಾಯಕರಾವ್ ಪಟವರ್ಧನರು ಅಲ್ಲಿ ಕೇಳಿದರೆಂದು ಹೇಳುತ್ತಾರೆ. ತಂದೆ ಪತ್ತೆ ಹಚ್ಚಿ ಮಗನನ್ನು ಜಲಂಧರದಿಂದ ಮರಳಿ ಕರೆತಂದರು.

ಕರೆತಂದ ಮೇಲೆ ಆದದ್ದೇ ಮುಖ್ಯ. ಮನೆ ಅವನ ದಾರಿಯನ್ನು ಮುಚ್ಚಲಿಲ್ಲ. 1936ರಲ್ಲಿ ಬಾಲಕ ಕುಂದಗೋಳದ ಗುರುಗೃಹವನ್ನು ಸೇರಿದ. ಅಲ್ಲಿ ಕಾದಿದ್ದದ್ದು ಹೂವಿನ ಹಾಸಿಗೆಯಲ್ಲ. ನೀರು ಹೊರುವುದು, ಮನೆಗೆಲಸ ಮಾಡುವುದು, ಗುರುವಿನ ಕೃಪೆ ಒದಗಿದಾಗ ಕಲಿಯುವುದು. ಹೀಗೆ ನಾಲ್ಕು ವರ್ಷ. ಮನೆಯಿಂದ ಓಡಿಹೋಗುವ ಧೈರ್ಯ ಹಲವು ಮಕ್ಕಳಿಗೆ ಇದ್ದೀತು. ಬಿಂದಿಗೆ ಹೊತ್ತು ನಾಲ್ಕು ವರ್ಷ ನಿಲ್ಲುವ ತಾಳ್ಮೆ ಎಲ್ಲರಿಗೂ ಬಾರದು. ಒಲವು ನಿಜವೋ, ಹುಡುಗಾಟಿಕೆಯೋ ಎಂದು ಅಳೆಯಲು ಇದಕ್ಕಿಂತ ಬೇರೆ ಒರೆಗಲ್ಲು ಬೇಡ. 2008ರಲ್ಲಿ ಆ ಬಾಲಕನಿಗೆ ಭಾರತರತ್ನ ಸಂದಿತು.

ಎರಡನೆಯವರು ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದವರು. ಹೆಣ್ಣುಮಗಳೊಬ್ಬಳು ಹಾಡುವುದನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ಕಾಲವದು. ಅವರ ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳ ಮನಸ್ಸು ಹಿಂದುಸ್ತಾನಿಯತ್ತ ಹರಿದಾಗ, ತನ್ನ ಪದ್ಧತಿಯ ನೆರಳು ಮಗಳ ಕಂಠದ ಮೇಲೆ ಬೀಳಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ತಾನು ಬಲ್ಲ ವಿದ್ಯೆಯನ್ನೇ ಮಕ್ಕಳು ಮುಂದುವರಿಸಲೆಂದು ಬಯಸದ ಹೆತ್ತವರು ಅಪರೂಪ. ಮಗಳ ಆಯ್ಕೆಗಾಗಿ ತನ್ನ ವಿದ್ಯೆಯನ್ನು ಮೌನಕ್ಕೆ ಒಪ್ಪಿಸಿದ ಅಂಬಾಬಾಯಿಯವರ ತ್ಯಾಗವನ್ನು ಯಾವ ಪದಕದಿಂದ ತೂಗಲು ಸಾಧ್ಯ?

ಮಕ್ಕಳು ಬೇಡಿದ್ದೆಲ್ಲವೂ ಸರಿಯೆಂದು ಒಪ್ಪಬೇಕಾಗಿಲ್ಲ. ಮನೆ ಬಿಟ್ಟವರೆಲ್ಲ ಭೀಮಸೇನರಾಗಲಿಲ್ಲ; ದಾರಿ ತಪ್ಪಿ ಕಣ್ಣೀರು ಹಾಕಿದವರೇ ಹೆಚ್ಚು. ಅನ್ನಕ್ಕೇನು ಗತಿ ಎಂಬ ತಂದೆಯ ಚಿಂತೆ ಪ್ರೀತಿಯಿಂದಲೇ ಹುಟ್ಟಿದ್ದು. ಮಕ್ಕಳೂ ಅದನ್ನು ಅರಿಯಬೇಕು. ಆದರೆ ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಮಕ್ಕಳಿಗೆ ಹೇಳಿಕೊಡುವ ನಾವು, ಮಗ ಚಿತ್ರಕಾರನಾಗುತ್ತೇನೆ ಎಂದಾಗಲೋ, ಇಂಜಿನಿಯರಿಂಗ್ ಬಿಟ್ಟು ಒಕ್ಕಲುತನ ಮಾಡುತ್ತೇನೆ ಎಂದಾಗಲೋ ನೆಂಟರಿಷ್ಟರ ಮುಂದೆ ತಲೆ ತಗ್ಗಿಸುವುದು ಏಕೆ? ಸಿಟ್ಟಾಗುವ ಮೊದಲು ಎರಡು ಪ್ರಶ್ನೆಗಳನ್ನು ಕೇಳೋಣ. ಈ ಕೆಲಸಕ್ಕಾಗಿ ಅವನು ಎಷ್ಟು ಬಿಂದಿಗೆ ನೀರು ಹೊರಲು ಸಿದ್ಧನಿದ್ದಾನೆ? ಅದನ್ನು ಕಲಿಸಬಲ್ಲ ಸಮರ್ಥರು ನಮ್ಮ ಸುತ್ತಮುತ್ತ ಯಾರಿದ್ದಾರೆ?

ಗದಗಿನ ಹುಡುಗ ಜಲಂಧರದವರೆಗೆ ಅಲೆದು ಕಂಡುಕೊಂಡ ಗುರು ಇದ್ದದ್ದು ಅವನ ಸೀಮೆಯ ಈ ಕುಂದಗೋಳದಲ್ಲಿಯೇ. ಗುರುವನ್ನು ಅರಸುವ ಶ್ರಮದಲ್ಲಿ ಅರ್ಧ ಪಾಲನ್ನು ತಂದೆತಾಯಂದಿರು ಹೊತ್ತರೆ, ಯಾವ ಮಗುವೂ ರಾತ್ರೋರಾತ್ರಿ ರೈಲು ಹತ್ತಬೇಕಾಗಿಲ್ಲ.