ಸಮ್ಮೇಳನದ ಹೊಗೆ

ನಾಲ್ಕು ಜನ ಕೂತು ಮಾತನಾಡಿದರೆ ಖರ್ಚಾಗುವುದು ಎಲೆ ಅಡಿಕೆ ಮಾತ್ರ ಎಂದು ನಂಬಿದ್ದವರ ನಡುವೆ ಬೆಳೆದವನು ನಾನು. ಮಾತಿಗೂ ಹೊಗೆಯುಂಟು, ಆ ಹೊಗೆಯನ್ನು ಟನ್ನುಗಳಲ್ಲಿ ತೂಗಲೂಬಹುದು ಎಂಬುದು ಈಚೆಗೆ ತಿಳಿಯಿತು.

2019ರ ಡಿಸೆಂಬರಿನಲ್ಲಿ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ನಿನ ವಾರ್ಷಿಕ ಸಭೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿತು. ಬಂದವರು ಸುಮಾರು 28,000 ಮಂದಿ. ಭೂಮಿ ಏಕೆ ಬಿಸಿಯಾಗುತ್ತಿದೆ ಎಂದು ವಿಚಾರಿಸುವವರೇ ಅವರಲ್ಲಿ ಅನೇಕರು. ಅವರೆಲ್ಲ ಹೋಗಿಬಂದ ದಾರಿಯನ್ನು ಕೆಲವು ವಿಜ್ಞಾನಿಗಳು ಮರುವರ್ಷ ಕೂಡಿಸಿ ನೋಡಿದರು: 28 ಕೋಟಿ 50 ಲಕ್ಷ ಕಿಲೋಮೀಟರು! ಸೂರ್ಯನವರೆಗೆ ಹೋಗಿ ಹಿಂದಿರುಗುವ ದೂರಕ್ಕೆ ತುಸುವೇ ಕಡಿಮೆ. ಅದಕ್ಕೆ ಎದ್ದ ಹೊಗೆ ಸುಮಾರು 80,000 ಟನ್. ಅಂದರೆ ತಲೆಗೆ ಹೆಚ್ಚುಕಡಿಮೆ 3 ಟನ್. ನಮ್ಮ ದೇಶದಲ್ಲಿ ಅಡಿಗೆ, ದೀಪ, ಬಸ್ಸು, ಕಾರ್ಖಾನೆ ಎಲ್ಲವನ್ನೂ ಹಂಚಿದರೂ ಒಬ್ಬನ ಪಾಲಿಗೆ ವರ್ಷಕ್ಕೆ ಬರುವುದು ಸುಮಾರು 2 ಟನ್.

ಇದನ್ನು ಇಂಗಾಲದ ಹೆಜ್ಜೆಗುರುತು ಎನ್ನುತ್ತಾರೆ. ಆಕಾಶದಲ್ಲಿ ಹಾರುವವನಿಗೆ ಹೆಜ್ಜೆ ಎಲ್ಲಿಯದು ಎಂದು ಕೇಳಬೇಡಿ. ಹೆಸರು ರೂಢಿಗೆ ಬಂದುಬಿಟ್ಟಿದೆ. ಅಳೆಯುವ ರೀತಿ ಅಂಥ ಕಷ್ಟದ್ದಲ್ಲ. ಯಾರು ಯಾವ ಊರಿನಿಂದ ಬಂದರು, ಯಾವ ಆಸನದಲ್ಲಿ ಕೂತು ಬಂದರು ಎಂಬುದು ತಿಳಿದರೆ ಸಾಕು. ವಿಮಾನದ ಎಣ್ಣೆ ಒಂದು ಕಿಲೋ ಉರಿದರೆ ಇಂಗಾಲದ ಡೈಆಕ್ಸೈಡು 3.16 ಕಿಲೋ ಹೊರಬೀಳುತ್ತದೆ. ಒಂದು ಮೂರಾಗುವುದು ಹೇಗೆ ಎಂದು ನಾನೂ ಕಣ್ಣು ಬಿಟ್ಟೆ. ಎಣ್ಣೆಯೊಳಗಿನ ಇಂಗಾಲ ಗಾಳಿಯಲ್ಲಿರುವ ಆಮ್ಲಜನಕವನ್ನು ಜೊತೆಗೆ ಕಟ್ಟಿಕೊಂಡು ಹೊರಡುತ್ತದಂತೆ. ಕಾಲು ಚಾಚಿ ಮಲಗುವ ದುಬಾರಿ ಆಸನ ಮೂರು ಜನರ ಜಾಗವನ್ನು ನುಂಗುವುದರಿಂದ, ಅಲ್ಲಿ ಮಲಗಿದವರ ತಲೆಗೆ ಮೂರು ಜನರ ಹೊಗೆಯನ್ನು ಬರೆಯುವುದೂ ಉಂಟು. ನನಗೆ ಬಹಳ ಹಿಡಿಸಿದ ನ್ಯಾಯ ಇದು.

ಹೀಗಿರಲು, ಸಮ್ಮೇಳನ ನಡೆಸುವವರು ನೀರಿನ ಪ್ಲಾಸ್ಟಿಕ್ ಬಾಟಲಿ ನಿಲ್ಲಿಸಿ, ಸೆಣಬಿನ ಚೀಲ ಹಂಚಿ, ಪರಿಸರ ಉಳಿಸಿದೆವೆಂದು ವೇದಿಕೆಯ ಮೇಲೆ ಸಾರುವುದನ್ನು ಕಂಡಾಗ ನಗು ಬರುತ್ತದೆ. ಕೋಟೆಯ ಹೆಬ್ಬಾಗಿಲು ತೆರೆದಿಟ್ಟು ದಿಡ್ಡಿಗೆ ಬೀಗ ಹಾಕಿದ ಹಾಗೆ.

ಲೆಕ್ಕ ಹಾಕಿದವರು ಉಪಾಯಗಳನ್ನೂ ಹೇಳಿದ್ದಾರೆ. ಅದೇ ಸಭೆಯನ್ನು ನಡುನಾಡಿನ ಶಿಕಾಗೋದಲ್ಲಿ ನಡೆಸಿದ್ದರೆ ಹೊಗೆ ನೂರಕ್ಕೆ 12 ಪಾಲು ಇಳಿಯುತ್ತಿತ್ತು. ವರ್ಷ ಬಿಟ್ಟು ವರ್ಷ ಸೇರಬಹುದು. ಮೂರು ಖಂಡಗಳಲ್ಲಿ ಮೂರು ಕಡೆ ಸೇರಿ ನಡುವೆ ತೆರೆಯ ಮೇಲೆ ಮುಖ ನೋಡಿಕೊಳ್ಳಬಹುದು. ಇವೆಲ್ಲ ಒಪ್ಪುವಂಥವೇ. ಅತಿ ದೂರದವರು ಮನೆಯಲ್ಲೇ ಕುಳಿತು ಭಾಗವಹಿಸಲಿ ಎಂಬ ಸಲಹೆಯ ಹತ್ತಿರ ಬಂದಾಗ ಮಾತ್ರ ನನ್ನ ಮನಸ್ಸು ತಡೆಯಿತು. ಅತಿ ದೂರದವರೆಂದರೆ ನಾವೇ ತಾನೆ?

ಮನೆಯಲ್ಲಿ ಕುಳಿತು ಭಾಗವಹಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2020ರಲ್ಲಿ ಕೊರೊನಾ ಕಾರಣ ಆ ಸಭೆ ಪೂರ್ತಿ ತೆರೆಯ ಮೇಲೆಯೇ ನಡೆಯಿತು. 2018ರ ಕೊಡಗಿನ ಭೂಕುಸಿತವನ್ನು ಅಭ್ಯಾಸ ಮಾಡುತ್ತಿದ್ದ ನನ್ನ ತಮ್ಮನ ಮಗಳು ಆಗ ನಮ್ಮ ಮನೆಯಲ್ಲಿದ್ದಳು. ಅಲ್ಲಿ ಮಧ್ಯಾಹ್ನ 1 ಗಂಟೆ ಎಂದರೆ ಇಲ್ಲಿ ರಾತ್ರಿ 2.30. ಉಣ್ಣೆಯ ಶಾಲು ಹೊದ್ದು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದವಳ ದನಿಗೆ ನನ್ನ ಹೆಂಡತಿ ಎದ್ದು, "ಈ ಸರಿಹೊತ್ತಿನಲ್ಲಿ ಯಾರ ಹತ್ತಿರವೇ ಜಗಳ?" ಎಂದು ಬಾಗಿಲಲ್ಲಿ ನಿಂತಳು. ಪ್ರಶ್ನೆ ಕೇಳಿದವರು ಇಬ್ಬರು. ಹತ್ತು ನಿಮಿಷಕ್ಕೆ ತೆರೆ ಕಪ್ಪಾಯಿತು.

2022ರಲ್ಲಿ ಸಭೆ ಶಿಕಾಗೋದಲ್ಲಿಯೇ ನಡೆದಾಗ ಅವಳು ಹೋಗಿಬಂದಳು. ತನ್ನ ಪ್ರಬಂಧದ ಮಾತನ್ನು ಅಷ್ಟಾಗಿ ಆಡಲಿಲ್ಲ. ಕಾಫಿಯ ಸಾಲಿನಲ್ಲಿ ಹಿಂದೆ ನಿಂತಿದ್ದ ಪೆರು ದೇಶದ ಹೆಂಗಸೊಬ್ಬಳು ತಮ್ಮ ಬೆಟ್ಟಗಳು ಮಳೆಗೆ ಜಾರುವ ರೀತಿಯನ್ನು ಕೈ ಒರೆಸುವ ಕಾಗದದ ಮೇಲೆ ಗೀಚಿ ತೋರಿಸಿದ್ದಳಂತೆ. ಆ ಕಾಗದವನ್ನು ಇವಳು ಇನ್ನೂ ಇಟ್ಟುಕೊಂಡಿದ್ದಾಳೆ. ಮುಂದಿನ ಎರಡು ವರ್ಷದ ಕೆಲಸ ಅದರಿಂದಲೇ ಹೊರಟಿತು. ಆದರೆ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಅತಿ ದೊಡ್ಡ ಹೊಗೆ. ಎರಡು ಗಂಟೆ ಹಾರಿ ಬಂದ, ವರ್ಷಕ್ಕೆ ನಾಲ್ಕಾರು ಸಭೆ ಸುತ್ತುವ ಅಲ್ಲಿನ ಪ್ರಾಧ್ಯಾಪಕರ ಮುಂದೆ ಚಿಕ್ಕದು. ದೂರ ಎಷ್ಟು, ಆಸನ ಯಾವುದು ಎಂಬ ಅಂಕಣಗಳ ಪಕ್ಕದಲ್ಲಿ "ಇದು ಎಷ್ಟನೆಯ ಸಲ?" ಎಂಬ ಅಂಕಣವೊಂದು ಬೇಕು, ಟಿಕೆಟ್ಟಿಗೆ ಹಣ ಕೊಡುವವರು ಮೊದಲು ಅದನ್ನು ಓದಬೇಕು ಎಂದು ನಾನು ವಾದಿಸಿದೆ.

"ದೊಡ್ಡಪ್ಪ, ಮೊದಲನೆಯ ಸಲ ಹೋದರೆ ಹೊಗೆ ಕಡಿಮೆ ಬರುತ್ತದೆಯೇ?" ಎಂದಳು ಅವಳು. ಬರುವುದಿಲ್ಲ. ವಿಜ್ಞಾನದಲ್ಲಿ ನನ್ನ ವಾದಕ್ಕೆ ಜಾಗವಿಲ್ಲ. ಸೂರ್ಯನಷ್ಟು ದೂರವನ್ನು ಕತ್ತರಿಸಲೇಬೇಕಾದಾಗ ಕತ್ತರಿ ಯಾರ ಕಡೆಯಿಂದ ಹೊರಡಬೇಕು ಎಂಬುದಷ್ಟೇ ನನ್ನ ತಕರಾರು.

ಈ ಸಲದ ಸಭೆಗೂ ಅವಳ ಪ್ರಬಂಧ ಒಪ್ಪಿತವಾಗಿದೆ. ತಾನು ಹೋಗುವುದಿಲ್ಲವಂತೆ. ಜೊತೆಯಲ್ಲಿ ಕೆಲಸ ಮಾಡಿದ ವಿದ್ಯಾರ್ಥಿನಿಯ ಹೆಸರನ್ನು ಕಳಿಸಿದ್ದಾಳೆ. ಮಡಿಕೇರಿಯ ಕಡೆಯ ಹುಡುಗಿ, ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿದವಳು. ಪಾಸ್‌ಪೋರ್ಟು ಇನ್ನೂ ಕೈಗೆ ಬಂದಿಲ್ಲ. ಇಬ್ಬರೂ ಅದಕ್ಕಾಗಿ ಓಡಾಡುತ್ತಿದ್ದಾರೆ.