‘ಪುಟ್ ಅಪ್’ ಆದವರು

ಮುಂಬಯಿಯ ಆಫೀಸುಗಳಲ್ಲಿ ಹೊಸಬರಿಗೆ ಹೆಸರು ಕೇಳಿದ ಮೇಲೆ ಬರುವ ಎರಡನೆಯ ಪ್ರಶ್ನೆ, ‘ವೇರ್ ಆರ್ ಯೂ ಪುಟ್ ಅಪ್?’ ಎಲ್ಲಿರುತ್ತೀರಿ ಎಂದು ಅದರ ಅರ್ಥ. ಪುಣೆ, ಚೆನ್ನೈ, ದಿಲ್ಲಿಗಳಲ್ಲಿರುವ ನೀವೂ ಕೇಳಿಸಿಕೊಂಡಿರುತ್ತೀರಿ. ನಾನಂತೂ 17 ವರ್ಷಗಳಿಂದ ‘ಡೊಂಬಿವಲಿ’ ಎಂದು ಉತ್ತರ ಹೇಳುತ್ತ ಬಂದಿದ್ದೇನೆ.

ಒಮ್ಮೆ ಲಂಡನ್ನಿನಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ಬೆರಗಾದರು. ‘17 ವರ್ಷದಿಂದಲೇ? ನಿಮ್ಮನ್ನು ಇರಿಸಿಕೊಂಡವರು ಬಹಳ ಒಳ್ಳೆಯವರಿರಬೇಕು’ ಅಂದರು.

ಅವರ ಇಂಗ್ಲಿಷಿನಲ್ಲಿ ‘ಪುಟ್ ಅಪ್’ ಎಂದರೆ ಕೆಲವು ದಿನ ತಂಗಲು ಜಾಗ ಕೊಡುವುದು. ಊರಿಂದ ಬಂದ ಗೆಳೆಯನನ್ನು ಮನೆಯಲ್ಲಿ ‘ಪುಟ್ ಅಪ್’ ಮಾಡಬಹುದು. ಪ್ರಯಾಣಿಕ ಹೋಟೆಲಿನಲ್ಲಿ ‘ಪುಟ್ ಅಪ್’ ಆಗಬಹುದು. ಕುದುರೆಯನ್ನು ಲಾಯಕ್ಕೆ ಸೇರಿಸುವುದಕ್ಕೂ ಹಿಂದೆ ಇದೇ ಮಾತಿತ್ತು. ಕಾಯಂ ವಾಸಕ್ಕೂ ಅದನ್ನು ಹಿಗ್ಗಿಸಿಕೊಂಡದ್ದು ನಮ್ಮ ದೇಶದ ಇಂಗ್ಲಿಷು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ‘ಇಳಿದುಕೊಳ್ಳುವುದು’. ಮರಾಠಿಯವರೂ ‘ಉತರಣೇ’ ಅನ್ನುತ್ತಾರೆ. ಅತಿಥಿಯನ್ನು ಅವರು ಮೇಲೇರಿಸುತ್ತಾರೆ, ನಾವು ಇಳಿಸಿಕೊಳ್ಳುತ್ತೇವೆ. ಆದರೆ ಯಾರೂ 17 ವರ್ಷ ಇಳಿದುಕೊಂಡಿರುವುದಿಲ್ಲ.

ಹಾಗೆಂದು ನಮ್ಮ ಬಳಕೆ ಪೂರ್ತಿ ತಪ್ಪು ಅನ್ನಲು ಮನಸ್ಸು ಬರುವುದಿಲ್ಲ. ಇಲ್ಲಿ ಬಾಡಿಗೆ ಮನೆಗೆ ಮಾಡಿಕೊಳ್ಳುವ ಕರಾರಿನ ಹೆಸರು ‘ಲೀವ್ ಅಂಡ್ ಲೈಸೆನ್ಸ್’. ಸಾಮಾನ್ಯವಾಗಿ 11 ತಿಂಗಳಿನದು. ಈ ‘ಲೀವ್’ ರಜೆಯೂ ಅಲ್ಲ, ಬಿಡುವುದೂ ಅಲ್ಲ, ಅನುಮತಿ. ಮನೆಯ ಮೇಲೆ ಹಕ್ಕು ಕೊಡದೆ ಇರುವುದಕ್ಕೆ ಮಾತ್ರ ಒಪ್ಪಿಗೆ ಕೊಡುವ ಕಾಗದ. 11 ತಿಂಗಳು, ಮತ್ತೆ 11 ತಿಂಗಳು ಎನ್ನುತ್ತ ಐದು ಮನೆ ಬದಲಿಸಿದ್ದೇವೆ. ‘ಪುಟ್ ಅಪ್’ಗೆ ‘ವಿತ್’ ಸೇರಿದರೆ ಸಹಿಸಿಕೊಳ್ಳುವುದು ಎಂದಾಗುತ್ತದೆ. ಗೋಡೆಗೆ ಮೊಳೆ ಹೊಡೆಯಬಾರದೆಂಬ ಷರತ್ತು, ನೀರು ಬರುವ ಹೊತ್ತು, ಬೆಳಗಿನ ಲೋಕಲ್ಲಿನ ನೂಕುನುಗ್ಗಲು, ಎಲ್ಲವೂ ಆ ‘ವಿತ್’ನಲ್ಲಿ ಬಂತು.

ಇನ್ನು ಊರಿನ ಮಾತು. ಗದಗಿನ ಹತ್ತಿರದ ನಮ್ಮ ಹಳ್ಳಿಗೆ ಹೋದರೆ ಓಣಿಯವರು ಕೇಳುತ್ತಾರೆ: ‘ಯಾವಾಗ ಬಂದ್ಯೋ? ಎಷ್ಟ ದಿವಸ ಇರ್ತಿ?’ ಪ್ರೀತಿಯ ಪ್ರಶ್ನೆಯೇ. ಆದರೆ ಮನೆಯವರನ್ನು ಯಾರೂ ಹಾಗೆ ಕೇಳುವುದಿಲ್ಲ. ನನ್ನ ಕೋಣೆಯಲ್ಲಿ ಈಗ ಜೋಳದ ಚೀಲಗಳಿವೆ. ನಾನು ಬರುವ ಹಿಂದಿನ ದಿನ ಅವ್ವ ಅವನ್ನು ಸರಿಸಿ ಹಾಸಿಗೆ ಹಾಸಿಡುತ್ತಾಳೆ. ಆ ಲಂಡನ್ನಿನವರ ಅರ್ಥದ ‘ಪುಟ್ ಅಪ್’ ನನಗೆ ಆಗುವುದು ಡೊಂಬಿವಲಿಯಲ್ಲಲ್ಲ, ಅಲ್ಲಿ.

ಅದೇ ಅವ್ವ ಓಣಿಯವರಿಗೆ ಹೇಳುವುದು ಬೇರೆ: ‘ನಮ್ಮ ಹುಡುಗ ಮುಂಬೈದಾಗ ಮನಿ ಮಾಡ್ಯಾನ್ರೀ.’ ಕೊಂಡಿದ್ದಾನೆ ಎಂದಲ್ಲ, ಬಾಡಿಗೆಯದೆಂದು ಕೇಳುವವರಿಗೂ ಗೊತ್ತು. ‘ಪುಟ್ ಅಪ್’ ಆಗಬೇಕಾದರೆ ನಮ್ಮನ್ನು ಇರಿಸಿಕೊಳ್ಳುವವರೊಬ್ಬರು ಬೇಕು. ಮನೆ ಮಾಡುವವರು ನಾವೇ. ಒಲೆ ಹಚ್ಚಿ, ಬಾಗಿಲಿಗೆ ರಂಗೋಲಿ ಹಾಕಿದರೆ ಮನೆ ಮಾಡಿದಂತೆಯೇ. ಆ ಮಾತಿಗೆ ಮಾಲೀಕರ ಸಹಿ ಬೇಕಿಲ್ಲ.

ಈಗಿನ ಕರಾರು ಬರುವ ಜೂನಿಗೆ ಮುಗಿಯುತ್ತದೆ. ಇಲ್ಲೇ ಹುಟ್ಟಿದ ಮಗಳು ಬಾಲ್ಕನಿಯ ಕುಂಡದಲ್ಲಿ ಕರಿಬೇವಿನ ಸಸಿ ಬೆಳೆಸಿದ್ದಾಳೆ. ಮನೆ ಬದಲಿಸಿದರೆ ಸಾಮಾನಿನ ಟೆಂಪೋದಲ್ಲಿ ಅದಕ್ಕೂ ಜಾಗ ಬೇಕೆಂದು ಈಗಲೇ ಹೇಳಿಟ್ಟಿದ್ದಾಳೆ.