ಮತ್ತೆ ಕಂಡ ಹನುಮಂತ

ತಿಕೋಟಾದ ದ್ರಾಕ್ಷಿತೋಟಗಳ ನಡುವೆ ಬೆಳೆದ ಆ ಹುಡುಗನಿಗೆ ಹನುಮಂತನೆಂದರೆ ನೆರೆಮನೆಯ ಟೆಲಿವಿಷನ್ನಿನಲ್ಲಿ ಕಡಲು ಹಾರಿದವನು. ಗುಡಿಯ ಹನುಮಪ್ಪ ಕಲ್ಲಾಗಿ ನಿಂತಿರುತ್ತಿದ್ದ, ಈತನೋ ಉಸಿರಾಡುತ್ತಿದ್ದ. ಅಂದಿನಿಂದ ಮನೆಯ ಗೋಡೆಯ ತುಂಬ ಇದ್ದಿಲಿನ ಹನುಮಂತರು. “ಗ್ವಾಡಿ ಹೊಲಸ ಮಾಡಬ್ಯಾಡೋ ತಮ್ಮಾ” ಎಂದು ಅವ್ವ ಗದರಿದರೂ ಅಳಿಸುತ್ತಿರಲಿಲ್ಲ.

ಮುಂದೆ ಆತ ಬಬಲೇಶ್ವರದಲ್ಲಿ ಚಿತ್ರಕಲೆಯ ಮಾಸ್ತರನಾದ. ವಿಜಯಪುರದಿಂದ ನಿತ್ಯವೂ ಬಸ್ಸಿನ ಪ್ರಯಾಣ. ಹಾಜರಿ, ಪರೀಕ್ಷೆ, ಸಾಲದ ಕಂತು. ತನಗಾಗಿ ಒಂದು ಗೆರೆ ಎಳೆದು ವರ್ಷಗಳೇ ಉರುಳಿದ್ದವು. ಕುಂಚಗಳನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದಿದ್ದ.

2025ರ ಜನವರಿಯಲ್ಲಿ ಆ ಚಿತ್ರ ಮತ್ತೆ ಭಾರತದ ಬೆಳ್ಳಿತೆರೆಗೆ ಬಂದಿತು. ಜಪಾನಿನ ಯುಗೋ ಸಾಕೋ, ನಮ್ಮ ರಾಮಮೋಹನ್ ಮೊದಲಾದವರು 1992ರಲ್ಲಿ ಸಿದ್ಧಪಡಿಸಿದ ರಾಮಾಯಣ ಅದು. ಮಗಳನ್ನು ಕರೆದುಕೊಂಡು ಪರಸ್ಥಳಕ್ಕೆ ಹೋಗಿ ನೋಡಿದ. ಹನುಮಂತ ಹಾರಿದ. ಆದರೆ ಈ ಸಲ ಅವನ ಬೆನ್ನ ಹಿಂದೆ ನೂರಾರು ಕೈಗಳು ಕಂಡವು. ಒಂದು ನೆಗೆತಕ್ಕೆ ಎಷ್ಟೋ ಹಾಳೆ, ಪ್ರತಿ ಹಾಳೆಯಲ್ಲೂ ತುಸುವೇ ಬದಲಾದ ಗೆರೆ. ರಾಮಮೋಹನರೂ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನಲ್ಲಿ, 1956ರಲ್ಲಿ ಬಂದ ಡಿಸ್ನಿ ಕಲಾವಿದ ಕ್ಲೇರ್ ವೀಕ್ಸರ ಬಳಿ ಹೀಗೆಯೇ ಗೆರೆ ತಿದ್ದಿ ಕಲಿತವರು.

“ಅಪ್ಪಾ, ನಿನಗೂ ಹಿಂಗ ತಗಿಯಾಕ ಬರತೈತೇನು?” ಮಗಳು ಕೇಳಿದಳು. ಆತ ಉತ್ತರಿಸಲಿಲ್ಲ.

ಮರುದಿನ ತರಗತಿಯಲ್ಲಿ ಇಪ್ಪತ್ತಮೂರು ಮಕ್ಕಳಿಗೆ ಒಂದೊಂದು ಹಾಳೆ ಹಂಚಿದ, ಇಪ್ಪತ್ತನಾಲ್ಕನೆಯದನ್ನು ತಾನಿಟ್ಟುಕೊಂಡ. ತೆರೆಯ ಮೇಲಿನ ಒಂದು ಸೆಕೆಂಡಿಗೆ ಅಷ್ಟು ಚಿತ್ರ ಬೇಕು. ಗೋಳಗುಮ್ಮಟದ ಮುಂದೆ ಟಾಂಗಾದ ಕುದುರೆ. ಹಾಳೆಗಳನ್ನು ಜೋಡಿಸಿ ಸರಸರನೆ ಮಗುಚಿದಾಗ ಕುದುರೆ ನಡುವೆ ಒಮ್ಮೆ ದಪ್ಪವಾಯಿತು, ಒಮ್ಮೆ ಕುಂಟಿತು, ಆದರೆ ನಡೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಅಂದು ರಾತ್ರಿ ಆತ ಕುಂಚಗಳನ್ನು ತೊಳೆದು ಒಣಗಲಿಟ್ಟ.